ನೈಲ್ ನದಿಯ ಬರಗಾಲದ ಲೆಕ್ಕ ಯಾರ ಕೈಯಲ್ಲಿದೆ?

2025ರ ಸೆಪ್ಟೆಂಬರ್ 9ರಂದು ಇಥಿಯೋಪಿಯಾದ ಪಶ್ಚಿಮ ಗಡಿಗೆ ಹತ್ತಿರದ ಗುಬಾ ಎಂಬಲ್ಲಿ ಪ್ರಧಾನಿ ಅಬಿ ಅಹ್ಮದ್ ಅವರು ಗ್ರ್ಯಾಂಡ್ ಇಥಿಯೋಪಿಯನ್ ರಿನೈಸನ್ಸ್ ಅಣೆಕಟ್ಟನ್ನು ಲೋಕಾರ್ಪಣೆ ಮಾಡಿದರು. ನೈಲ್‌ನ ಕವಲಾದ ನೀಲ ನೈಲ್‌ಗೆ ಅಡ್ಡಲಾಗಿ ನಿಂತಿರುವ, 145 ಮೀಟರ್ ಎತ್ತರದ ಈ ಕಟ್ಟೆಯ ಹಿಂದೆ 7,400 ಕೋಟಿ ಘನ ಮೀಟರ್ ನೀರು ನಿಲ್ಲಬಲ್ಲದು. ನಮ್ಮ ಲೆಕ್ಕದಲ್ಲಿ ಹೇಳಿದರೆ ಅದು ಸುಮಾರು 2,600 ಟಿಎಂಸಿ. ಕೃಷ್ಣರಾಜಸಾಗರದಂಥ 50ಕ್ಕೂ ಹೆಚ್ಚು ಜಲಾಶಯಗಳು ತುಂಬುವಷ್ಟು. ಇಥಿಯೋಪಿಯಾದಲ್ಲಿ ಅಂದು ಹಬ್ಬದ ವಾತಾವರಣವಿತ್ತು. ಈಜಿಪ್ಟ್ ಮಾತ್ರ ಅದೇ ದಿನ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಪತ್ರ ಬರೆದು, ಇದು ಏಕಪಕ್ಷೀಯ ನಡೆ ಎಂದು ಆಕ್ಷೇಪಿಸಿತು.

ಈ ವಿವಾದವನ್ನು ‘ನೀರಿಗಾಗಿ ಯುದ್ಧ’ ಎಂದು ಬಣ್ಣಿಸುವುದು ವಾಡಿಕೆಯಾಗಿದೆ. ಬೆಟ್ಟದ ಮೇಲಿರುವವರು ನೀರು ತಡೆಯುತ್ತಾರೆ, ಕೆಳಗಿರುವವರು ಒಣಗುತ್ತಾರೆ, ಭೂಗೋಳವೇ ಹಾಗಿರುವಾಗ ಜಗಳ ತಪ್ಪಿದ್ದಲ್ಲ ಎಂಬ ತರ್ಕ ಅದರ ಹಿಂದಿದೆ. ಈ ತರ್ಕ ಅರ್ಧ ಮಾತ್ರ ಸರಿ. ನೈಲ್ ಕಣಿವೆಯ ನೆಲದ ರಚನೆಯನ್ನು ಗಮನವಿಟ್ಟು ನೋಡಿದರೆ, ಸಾಮಾನ್ಯ ಮಳೆಯ ವರ್ಷಗಳಲ್ಲಿ ಈ ಅಣೆಕಟ್ಟಿನಿಂದ ಈಜಿಪ್ಟಿಗೆ ಹೇಳಿಕೊಳ್ಳುವಂಥ ನಷ್ಟವಾಗಬೇಕಾದ ಕಾರಣವಿಲ್ಲ ಎಂಬುದು ತಿಳಿಯುತ್ತದೆ. ಕಷ್ಟವಿರುವುದು ಸಾಲು ಸಾಲಾಗಿ ಮಳೆ ಕೈಕೊಡುವ ವರ್ಷಗಳಲ್ಲಿ. ಆ ವರ್ಷಗಳಲ್ಲಿ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದರ ಬಗ್ಗೆ ಇಥಿಯೋಪಿಯಾ, ಸುಡಾನ್, ಈಜಿಪ್ಟ್ ಈ ಮೂರು ದೇಶಗಳ ನಡುವೆ ಇಂದಿಗೂ ಬರವಣಿಗೆಯಲ್ಲಿ ಏನೂ ಇಲ್ಲ.

ಇಥಿಯೋಪಿಯಾದ ಎತ್ತರದ ನಾಡು ಆಫ್ರಿಕಾದ ಈಶಾನ್ಯದಲ್ಲಿ ಎದ್ದು ನಿಂತಿರುವ ವಿಶಾಲವಾದ ಬಸಾಲ್ಟ್ ಶಿಲೆಯ ಪ್ರಸ್ಥಭೂಮಿ. ಸುಮಾರು 3 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾ ಪದರ ಪದರವಾಗಿ ಹರಡಿ ಇದು ರೂಪುಗೊಂಡಿತು. ವಿಜಯಪುರ, ಬೆಳಗಾವಿ ಸೀಮೆಯವರೆಗೆ ಚಾಚಿಕೊಂಡಿರುವ ದಖ್ಖನ್ನಿನ ಲಾವಾ ನೆಲ ಇದಕ್ಕಿಂತ ಹಳೆಯದಾದರೂ ಹುಟ್ಟಿದ ಬಗೆ ಇಂಥದ್ದೇ, ಎರಡೂ ಕಡೆ ಕಪ್ಪು ಮಣ್ಣು ಕಾಣಸಿಗುವುದಕ್ಕೂ ಅದೇ ಕಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ‘ಕಿರೆಮ್ತ್’ ಮಳೆಯನ್ನು ಈ ಎತ್ತರವೇ ತಡೆದು ಇಳಿಸಿಕೊಳ್ಳುತ್ತದೆ. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿರುವ ತಾನಾ ಸರೋವರದಿಂದ ಹೊರಡುವ ನೀಲ ನೈಲ್, ಅಂದರೆ ಅಲ್ಲಿಯವರ ಅಬ್ಬಾಯ್, ಈ ಮೃದು ಮಣ್ಣನ್ನೂ ಗಟ್ಟಿ ಶಿಲೆಯನ್ನೂ ಕೊರೆದು ಒಂದು ಕಿಲೋಮೀಟರಿಗೂ ಆಳವಾದ ಕಂದರದಲ್ಲಿ ಹರಿಯುತ್ತದೆ. ಇದೇ ನಾಡಿನಿಂದ ಹೊರಡುವ ಅಟ್ಬಾರಾ ಮತ್ತು ಸೋಬತ್ ನದಿಗಳನ್ನೂ ಸೇರಿಸಿದರೆ, ಈಜಿಪ್ಟಿನ ದಕ್ಷಿಣದ ಅಸ್ವಾನ್ ತಲುಪುವ ನೈಲ್ ನೀರಿನಲ್ಲಿ ಸುಮಾರು 85% ಇಥಿಯೋಪಿಯಾದ್ದು.

ಆದರೆ ಆ ಆಳವೇ ಇಥಿಯೋಪಿಯಾದ ರೈತನ ಪಾಲಿಗೆ ಶಾಪವೂ ಆಯಿತು. ಹೊಲಗಳಿರುವುದು ಮೇಲಿನ ಬಯಲಿನಲ್ಲಿ, ನದಿ ಹರಿಯುವುದು ಸಾವಿರ ಮೀಟರ್ ಕೆಳಗೆ. ನಾಲೆ ತೆಗೆದು ನೀರು ಹಾಯಿಸುವ ಮಾತೇ ಇಲ್ಲ. ‘ತೆಫ್’ ಎಂಬ ಸಣ್ಣ ಕಾಳಿನ ಧಾನ್ಯವನ್ನು ಬೆಳೆಯುವ ಲಕ್ಷಾಂತರ ಕುಟುಂಬಗಳು ಆಕಾಶವನ್ನೇ ನಂಬಿ ಬದುಕುತ್ತವೆ. ಅಬ್ಬಾಯ್‌ಗೆ ತಂಗಲು ಮನೆಯಿಲ್ಲ, ಆದರೂ ಮರದ ದಿಮ್ಮಿ ಹೊತ್ತು ಅಲೆಯುತ್ತದೆ ಎಂಬ ಗಾದೆ ಆ ನಾಡಿನಲ್ಲಿದೆ. ನಮ್ಮ ನದಿ ನಮಗೆ ದಕ್ಕಲಿಲ್ಲ ಎಂಬ ಹಳೆಯ ನೋವು ಅದರಲ್ಲಿದೆ. ನೈಲ್‌ಗೆ ಎಲ್ಲರಿಗಿಂತ ಹೆಚ್ಚು ನೀರು ಕೊಡುವ ದೇಶದಲ್ಲೇ 1984-85ರಲ್ಲಿ ಬರ ಮತ್ತು ಅಂತರ್ಯುದ್ಧ ಒಟ್ಟಾಗಿ ಲಕ್ಷಾಂತರ ಜನರನ್ನು ಹಸಿವಿನಿಂದ ಕೊಂದವು ಎಂಬುದನ್ನು ಮರೆತು ಈ ಅಣೆಕಟ್ಟಿನ ಬಗ್ಗೆ ಮಾತನಾಡುವುದು ನ್ಯಾಯವಲ್ಲ.

ಕೆಳಗಿನ ಈಜಿಪ್ಟಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಕೈರೋದಲ್ಲಿ ವರ್ಷಕ್ಕೆ ಬೀಳುವ ಮಳೆ ಎರಡು ಮೂರು ಸೆಂಟಿಮೀಟರ್ ಮಾತ್ರ, ಅಸ್ವಾನ್‌ನಲ್ಲಿ ಅದೂ ಇಲ್ಲ. ಸುಮಾರು 11 ಕೋಟಿ ಜನರ ಪೈಕಿ 95% ಮಂದಿ ದೇಶದ ವಿಸ್ತೀರ್ಣದ 5%ರಷ್ಟು ನೆಲದಲ್ಲಿ, ಅಂದರೆ ನದಿಯ ಎರಡು ದಂಡೆಗಳ ಪಟ್ಟಿಯಲ್ಲಿ ಮತ್ತು ಉತ್ತರದ ಮುಖಜ ಭೂಮಿಯಲ್ಲಿ ಒತ್ತಾಗಿ ಬದುಕುತ್ತಾರೆ. ಆ ಮುಖಜ ಭೂಮಿಯ ಮೆಕ್ಕಲು ಮಣ್ಣೂ ಬಹುಪಾಲು ಇಥಿಯೋಪಿಯಾದ ಬೆಟ್ಟಗಳಿಂದ ಕೊಚ್ಚಿಬಂದದ್ದೇ.

ಕೈರೋ ನಗರದ ರೋಡಾ ದ್ವೀಪದಲ್ಲಿ ಒಂದು ಹಳೆಯ ಕಲ್ಲಿನ ಬಾವಿಯಿದೆ. ಬಾವಿಯ ನಡುವೆ ಎಂಟು ಮುಖಗಳ ಒಂದು ಅಮೃತಶಿಲೆಯ ಕಂಬ, ಕಂಬದ ಉದ್ದಕ್ಕೂ ಮೊಳದ ಗುರುತುಗಳು. ಕ್ರಿ.ಶ. 861ರಲ್ಲಿ ಅಬ್ಬಾಸಿ ಖಲೀಫರ ಆಡಳಿತದಲ್ಲಿ ಕಟ್ಟಲಾದ ಈ ನೈಲ್‌ಮಾಪಕಕ್ಕೆ ಸುರಂಗಗಳ ಮೂಲಕ ನದಿಯ ನೀರು ಬರುತ್ತಿತ್ತು. ನೆರೆಯ ಕಾಲದಲ್ಲಿ ನೀರು 16 ಮೊಳದ ಗುರುತು ಮುಟ್ಟಿದರೆ ಆ ವರ್ಷ ಪೂರ್ಣ ಕಂದಾಯ. ಅದಕ್ಕಿಂತ ಕಡಿಮೆಯಾದರೆ ಬೆಳೆ ಕಡಿಮೆ, ಕಂದಾಯವೂ ಕಡಿಮೆ, ತೀರಾ ಕಡಿಮೆಯಾದರೆ ಹಸಿವು. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ, ಈಜಿಪ್ಟಿನವರಲ್ಲಿ ಹೆಚ್ಚಿನವರು ಎಂದೂ ನೋಡಿರದ ಒಂದು ಗುಡ್ಡಗಾಡಿನ ಮಳೆ ಈ ಕಂಬದ ಮೇಲೆ ಅಳತೆಗೆ ಸಿಗುತ್ತಿತ್ತು. ಮೇಲಿನಿಂದ ಬರುವ ನೀರಿನ ಕುರಿತು ಈಜಿಪ್ಟಿನ ಆತಂಕವನ್ನು ಇಂದಿನ ಸರ್ಕಾರದ ರಾಜಕೀಯ ತಂತ್ರವೆಂದು ತಳ್ಳಿಹಾಕುವವರು ಈ ಕಂಬವನ್ನು ನೆನೆಯಬೇಕು. ಆ ಆತಂಕಕ್ಕೆ ಸಾವಿರಾರು ವರ್ಷಗಳ ವಯಸ್ಸಾಗಿದೆ.

ನೈಲ್‌ನ ಇನ್ನೊಂದು ಕವಲಾದ ಬಿಳಿ ನೈಲ್ ವಿಕ್ಟೋರಿಯಾ ಸರೋವರದ ಕಡೆಯಿಂದ ಬರುತ್ತದೆ. ದಕ್ಷಿಣ ಸುಡಾನಿನ ‘ಸುದ್ದ್’ ಎಂಬ ಅಪಾರ ಜೌಗು ಪ್ರದೇಶದಲ್ಲಿ ಹರಡಿಕೊಂಡು, ಒಳಬಂದ ನೀರಿನ ಸುಮಾರು ಅರ್ಧವನ್ನು ಅದು ಬಿಸಿಲಿಗೆ ಕಳೆದುಕೊಳ್ಳುತ್ತದೆ. ಆ ನೀರನ್ನು ಉಳಿಸಲೆಂದು ಸುಡಾನ್ ಮತ್ತು ಈಜಿಪ್ಟ್ ಒಟ್ಟಾಗಿ ಅಗೆಯತೊಡಗಿದ್ದ ಜೊಂಗ್ಲೇ ಕಾಲುವೆ ದಕ್ಷಿಣದ ಬಂಡಾಯದಿಂದಾಗಿ 1984ರ ಹೊತ್ತಿಗೆ ನಿಂತುಹೋಯಿತು. 360 ಕಿಲೋಮೀಟರ್‌ಗಳಲ್ಲಿ ಅಗೆದದ್ದು ಸುಮಾರು 240. ಆ ಜೌಗನ್ನೇ ಮೀನಿಗಾಗಿ, ದನಗಳ ಮೇವಿಗಾಗಿ ನಂಬಿದ್ದ ದಿಂಕಾ, ನುಯೆರ್ ಜನರನ್ನು ಆ ಯೋಜನೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬಿಳಿ ನೈಲ್ ವರ್ಷವಿಡೀ ಒಂದೇ ಸಮ ಹರಿಯುವ ತೆಳು ಹರಿವು. ಈಜಿಪ್ಟಿನ ಹೊಟ್ಟೆ ತುಂಬಿಸುವುದು ನೀಲ ನೈಲ್.

ಇಷ್ಟು ನೆಲ ಮತ್ತು ಮಳೆಯ ಕಥೆ. ಇದನ್ನು ವಿವಾದವಾಗಿಸಿದ್ದು ಇಪ್ಪತ್ತನೆಯ ಶತಮಾನದ ಒಪ್ಪಂದಗಳು. 1929ರಲ್ಲಿ ಬ್ರಿಟನ್ನು ಈಜಿಪ್ಟಿನೊಂದಿಗೆ ಮಾಡಿಕೊಂಡ ಒಪ್ಪಂದದ ಪ್ರಕಾರ, ಬ್ರಿಟಿಷ್ ಆಡಳಿತವಿದ್ದ ಮೇಲಿನ ಪ್ರದೇಶಗಳಲ್ಲಿ ಈಜಿಪ್ಟಿನ ಒಪ್ಪಿಗೆಯಿಲ್ಲದೆ ಅದರ ಪಾಲಿಗೆ ಧಕ್ಕೆ ತರುವ ಯಾವ ಕಾಮಗಾರಿಯನ್ನೂ ಮಾಡುವಂತಿರಲಿಲ್ಲ. 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ಕುಳಿತು, ಅಸ್ವಾನ್‌ನಲ್ಲಿ ಅಳೆದ 8,400 ಕೋಟಿ ಘನ ಮೀಟರ್ ವಾರ್ಷಿಕ ಹರಿವಿನಲ್ಲಿ 5,550 ಕೋಟಿ ಈಜಿಪ್ಟಿಗೆ, 1,850 ಕೋಟಿ ಸುಡಾನಿಗೆ, ಉಳಿದ 1,000 ಕೋಟಿ ಆವಿಗೆ ಎಂದು ಇಡೀ ನದಿಯನ್ನು ಹಂಚಿಕೊಂಡವು. ಈಜಿಪ್ಟಿನ ಪಾಲೇ ಸುಮಾರು 1,960 ಟಿಎಂಸಿ, ಕಾವೇರಿ ಕಣಿವೆಯ ಒಟ್ಟು 740 ಟಿಎಂಸಿಯ ಎರಡೂವರೆ ಪಟ್ಟಿಗೂ ಹೆಚ್ಚು. ನೀರಿನ ಒಡತಿಯಾದ ಇಥಿಯೋಪಿಯಾವನ್ನು ಆ ಮಾತುಕತೆಗೆ ಕರೆಯಲೂ ಇಲ್ಲ. ಆವಿಗೆ ಇಟ್ಟ ಪಾಲೂ ಇಥಿಯೋಪಿಯಾಕ್ಕೆ ಸಿಗಲಿಲ್ಲ.

ಕನ್ನಡಿಗರಿಗೆ ಇದು ಅಪರಿಚಿತ ಕಥೆಯಲ್ಲ. ಮೈಸೂರು ಸಂಸ್ಥಾನವು ಮದ್ರಾಸಿನ ಪೂರ್ವಾನುಮತಿಯಿಲ್ಲದೆ ಕಾವೇರಿಯಲ್ಲಿ ಹೊಸ ನೀರಾವರಿ ಕಾಮಗಾರಿ ಮಾಡಬಾರದೆಂದು 1892ರ ಒಪ್ಪಂದ ವಿಧಿಸಿತ್ತು, 1924ರಲ್ಲಿ ಇನ್ನೊಂದು ಒಪ್ಪಂದವಾದ ಮೇಲಷ್ಟೇ ಕನ್ನಂಬಾಡಿಯ ಕಟ್ಟೆ ಇಂದಿನ ಎತ್ತರಕ್ಕೆ ಏರುವ ದಾರಿ ತೆರೆಯಿತು. ಮೊದಲು ಬಳಸಿದವನಿಗೆ ಮೊದಲ ಹಕ್ಕು ಎಂಬ ಕೆಳದಂಡೆಯ ವಾದ, ನಮ್ಮಲ್ಲಿ ಹುಟ್ಟಿದ ನೀರು ನಮಗೂ ಬೇಕು ಎಂಬ ಮೇಲ್ದಂಡೆಯ ವಾದ, ಎರಡನ್ನೂ ನಾವು ನೂರು ವರ್ಷಗಳಿಂದ ಕೇಳುತ್ತಿದ್ದೇವೆ. ಹಾಗೆಂದು ಕನ್ನಡಿಗರೆಲ್ಲ ಮೇಲ್ದಂಡೆಯವರೆಂಬ ಕಾರಣಕ್ಕೆ ಇಥಿಯೋಪಿಯಾದ ಪರ ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಕೃಷ್ಣೆಯ ವಿಷಯದಲ್ಲಿ ಮಹಾರಾಷ್ಟ್ರದ ಕೆಳಗೆ ನಾವೂ ಕೆಳದಂಡೆಯವರೇ. ಮುಖ್ಯವಾದ ವ್ಯತ್ಯಾಸ ಬೇರೆ: ಕಾವೇರಿಗೆ ಒಂದು ನ್ಯಾಯಮಂಡಳಿಯಿತ್ತು, 2018ರ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ಇದೆ, ನೀರು ನಿರ್ವಹಣಾ ಪ್ರಾಧಿಕಾರವಿದೆ, ಬಿಳಿಗುಂಡ್ಲುವಿನಲ್ಲಿ ಅಳತೆಯ ಕೇಂದ್ರವಿದೆ. ನೈಲ್‌ಗೆ ಮೂರೂ ದೇಶಗಳು ತಲೆಬಾಗುವಂಥ ನ್ಯಾಯಾಲಯವೂ ಇಲ್ಲ, ಒಟ್ಟಾಗಿ ನಡೆಸುವ ಪ್ರಾಧಿಕಾರವೂ ಇಲ್ಲ. ಮೇಲಿನ ದೇಶಗಳು 2010ರಲ್ಲಿ ಉಗಾಂಡಾದ ಎಂಟೆಬೆಯಲ್ಲಿ ಸಹಿಗೆ ತೆರೆದಿಟ್ಟ ಸಹಕಾರ ಒಪ್ಪಂದ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತಾದರೂ, ತಮ್ಮ ಈಗಿನ ಬಳಕೆ ಮತ್ತು ಹಕ್ಕುಗಳಿಗೆ ಅದರಲ್ಲಿ ರಕ್ಷಣೆಯಿಲ್ಲವೆಂದು ಈಜಿಪ್ಟ್ ಮತ್ತು ಸುಡಾನ್ ಹೊರಗೇ ಉಳಿದಿವೆ.

ಈಗ ಅಣೆಕಟ್ಟಿನ ಕೆಲಸದ ಬಗೆಯನ್ನು ನೋಡಬೇಕು. ಇದನ್ನು ಕಟ್ಟಿರುವುದು ನೀರಾವರಿಗಲ್ಲ, ವಿದ್ಯುತ್ತಿಗೆ. ಸ್ಥಾಪಿತ ಸಾಮರ್ಥ್ಯ 5,150 ಮೆಗಾವ್ಯಾಟ್. ಕಂದರ ಮುಗಿದು ಬಯಲು ಆರಂಭವಾಗುವ ಜಾಗದಲ್ಲಿ, ಸುಡಾನಿನ ಗಡಿಗೆ ತೀರಾ ಸಮೀಪದಲ್ಲಿ ಕಟ್ಟೆಯಿರುವುದರಿಂದ, ಅದರ ಕೆಳಗೆ ಇಥಿಯೋಪಿಯಾಕ್ಕೆ ಅಚ್ಚುಕಟ್ಟು ಮಾಡಿಕೊಳ್ಳುವಂಥ ನೆಲವೇ ಹೆಚ್ಚಿಲ್ಲ. ಟರ್ಬೈನ್ ತಿರುಗಬೇಕಾದರೆ ನೀರು ಕೆಳಗಿಳಿಯಲೇಬೇಕು, ಇಳಿದ ನೀರು ಸುಡಾನಿಗೆ ಹೋಗಲೇಬೇಕು. ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ವಿದ್ಯುತ್ ಸಂಪರ್ಕವೇ ಇಲ್ಲದ ದೇಶ, ವಿದೇಶಿ ಬ್ಯಾಂಕುಗಳು ಕೈಚೆಲ್ಲಿದಾಗ ತನ್ನ ನೌಕರರಿಗೂ ಸಾಮಾನ್ಯರಿಗೂ ಬಾಂಡ್ ಮಾರಿ ಈ ಕಟ್ಟೆಗೆ ಹಣ ಹೊಂದಿಸಿತು. ನೀರು ನಿಲ್ಲಿಸಿ ಸುಮ್ಮನಿರುವುದರಿಂದ ಅದಕ್ಕೆ ಏನೂ ಲಾಭವಿಲ್ಲ. ಇಲ್ಲಿ ನಿಂತ ನೀರು ಆವಿಯಾಗುವ ಪ್ರಮಾಣವೂ ಮರುಭೂಮಿಯ ನಡುವೆ ಸುಮಾರು 500 ಕಿಲೋಮೀಟರ್ ಉದ್ದಕ್ಕೆ ಹರಡಿಕೊಂಡಿರುವ ಅಸ್ವಾನ್ ಅಣೆಕಟ್ಟಿನ ಹಿಂದಿನ ನಾಸರ್ ಸರೋವರಕ್ಕಿಂತ ಬಹಳ ಕಡಿಮೆ.

ನೀರು ತುಂಬಿಸುವ ಕಾಲದ ಬಗ್ಗೆ ಇದ್ದ ಭಯವೂ ನಿಜವಾಗಲಿಲ್ಲ. 2020ರ ಜುಲೈನಲ್ಲಿ ಸಂಗ್ರಹ ಆರಂಭವಾಗಿ ಐದು ಮಳೆಗಾಲಗಳಲ್ಲಿ ಬಹುಪಾಲು ಮುಗಿಯಿತು. ಆ ವರ್ಷಗಳಲ್ಲಿ ಎತ್ತರದ ನಾಡಿನ ಮಳೆ ಒಟ್ಟಾರೆ ಚೆನ್ನಾಗಿತ್ತು, ಅಸ್ವಾನ್‌ನಲ್ಲೂ ಸಾಕಷ್ಟು ಸಂಗ್ರಹವಿತ್ತು. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಅದೃಷ್ಟದಿಂದ ಸರಿಹೋದದ್ದನ್ನು ವ್ಯವಸ್ಥೆ ಸರಿಯಿರುವುದರ ಪುರಾವೆ ಎಂದು ಇಥಿಯೋಪಿಯಾದ ಅಧಿಕಾರಿಗಳು ಮುಂದಿಡುತ್ತಿದ್ದಾರೆ, ಅದನ್ನು ಒಪ್ಪಲಾಗದು.

ನಡುವಿನ ಸುಡಾನಿನ ಸ್ಥಿತಿ ಇದಕ್ಕೆ ಒಳ್ಳೆಯ ಸಾಕ್ಷಿ. ಅಣೆಕಟ್ಟಿನಿಂದ ಹೆಚ್ಚು ಲಾಭವೂ ಹೆಚ್ಚು ಅಪಾಯವೂ ಇರುವ ದೇಶ ಅದು. ನೀಲ ಮತ್ತು ಬಿಳಿ ನೈಲ್‌ಗಳ ನಡುವಿನ ಗೆಜೀರಾ ಬಯಲಿನಲ್ಲಿ, 1925ರಲ್ಲಿ ಸೆನ್ನಾರ್ ಅಣೆಕಟ್ಟಿನೊಂದಿಗೆ ಆರಂಭವಾದ ನೀರಾವರಿ ಯೋಜನೆ ಇಂದು ಸುಮಾರು 20 ಲಕ್ಷ ಎಕರೆಗೆ ಹಬ್ಬಿದೆ. ಆ ಬಯಲಿನ ಇಳಿಜಾರು ಎಷ್ಟು ಹದವಾಗಿದೆಯೆಂದರೆ ಪಂಪಿನ ಹಂಗಿಲ್ಲದೆ ನಾಲೆಗಳಲ್ಲಿ ನೀರು ತಾನಾಗಿ ಹರಿಯುತ್ತದೆ. ಮಳೆಗಾಲದಲ್ಲಿ ಮಾತ್ರ ಅಬ್ಬರಿಸುತ್ತಿದ್ದ ನದಿ ಇನ್ನು ವರ್ಷವಿಡೀ ಸಮನಾಗಿ ಬಂದರೆ ಗೆಜೀರಾದಲ್ಲಿ ಇನ್ನೊಂದು ಬೆಳೆ ತೆಗೆಯಬಹುದು, ಸುಡಾನಿನ ಕಟ್ಟೆಗಳಲ್ಲಿ ತುಂಬುವ ಹೂಳೂ ಕಡಿಮೆಯಾಗುತ್ತದೆ. ಆದರೆ ಗಡಿಯ ಕೆಳಗಿರುವ ರೋಸೇರಿಸ್ ಜಲಾಶಯದ ಸಾಮರ್ಥ್ಯ ಮೇಲಿನ ಕಟ್ಟೆಯ ಸುಮಾರು ಹತ್ತನೇ ಒಂದರಷ್ಟು. ಮೇಲೆ ಎಷ್ಟು ಗೇಟು ತೆರೆಯುತ್ತಾರೆ, ಯಾವಾಗ ಮುಚ್ಚುತ್ತಾರೆ ಎಂಬುದು ಮುಂಚಿತವಾಗಿ ತಿಳಿಯದಿದ್ದರೆ ಅದು ನಿಭಾಯಿಸಲಾರದು. 2020ರಲ್ಲಿ ಸಂಗ್ರಹ ಆರಂಭವಾದಾಗ ಹೊಳೆಯ ಮಟ್ಟ ಏಕಾಏಕಿ ಇಳಿದು ಖಾರ್ಟೂಮ್‌ನ ಕುಡಿಯುವ ನೀರಿನ ಕೇಂದ್ರಗಳು ತೊಂದರೆಗೊಳಗಾದವು. 2025ರಲ್ಲಿ, ಉದ್ಘಾಟನೆಯಾದ ಕೆಲವೇ ವಾರಗಳಲ್ಲಿ, ಸುಡಾನಿನ ನೈಲ್ ದಂಡೆಯ ಊರುಗಳಿಗೆ ನೆರೆ ನುಗ್ಗಿತು. ಮೇಲಿನಿಂದ ಬೇಕಾಬಿಟ್ಟಿ ನೀರು ಬಿಟ್ಟದ್ದೇ ಕಾರಣವೆಂದು ಈಜಿಪ್ಟ್ ದೂರಿತು, ಇಥಿಯೋಪಿಯಾ ನಿರಾಕರಿಸಿತು. ಯಾರು ಸರಿ ಎಂಬುದನ್ನು ತೀರ್ಮಾನಿಸಲು ಮೂವರೂ ಒಪ್ಪುವ ದಿನದಿನದ ಒಳಹರಿವು ಹೊರಹರಿವಿನ ಲೆಕ್ಕವಿರಲಿಲ್ಲ. 2023ರ ಏಪ್ರಿಲ್‌ನಿಂದ ಅಂತರ್ಯುದ್ಧದಲ್ಲಿ ಬೇಯುತ್ತಿರುವ ಸುಡಾನಿಗೆ ಅಂಥ ಲೆಕ್ಕಕ್ಕಾಗಿ ಪಟ್ಟು ಹಿಡಿಯುವ ಶಕ್ತಿಯೂ ಉಳಿದಿಲ್ಲ. ಈ ಇಡೀ ವಿವಾದದಲ್ಲಿ ನನಗೆ ಅತ್ಯಂತ ಕಳವಳಕಾರಿಯಾಗಿ ಕಾಣುವುದು ಇದೇ: ಹೆಚ್ಚು ಕಳೆದುಕೊಳ್ಳಬಹುದಾದ ಜನರ ದನಿ ಮಾತುಕತೆಯಲ್ಲಿ ಎಲ್ಲಕ್ಕಿಂತ ಕ್ಷೀಣವಾಗಿದೆ.

ಇನ್ನು ಬರದ ವರ್ಷಗಳ ಪ್ರಶ್ನೆ. ಎರಡು ಮೂರು ವರ್ಷ ಸತತವಾಗಿ ಕಿರೆಮ್ತ್ ಕೈಕೊಟ್ಟಿತೆಂದುಕೊಳ್ಳೋಣ. ವಿದ್ಯುತ್ತಿಗಾಗಿ ಇಥಿಯೋಪಿಯಾ ತನ್ನ ಸಂಗ್ರಹವನ್ನು ಬಳಸುತ್ತದೆ, ಬೆಳೆಗಾಗಿ ಈಜಿಪ್ಟ್ ಅಸ್ವಾನ್‌ನ ಸಂಗ್ರಹವನ್ನು ಬಳಸುತ್ತದೆ, ಎರಡೂ ಜಲಾಶಯಗಳ ಮಟ್ಟ ತಳ ಕಾಣತೊಡಗುತ್ತದೆ. ಆಮೇಲೆ ಮಳೆ ಮರಳಿದಾಗ ಮೊದಲ ನೀರು ಯಾರ ಕಟ್ಟೆಗೆ? ಮೇಲಿನದು ಸಹಜವಾಗಿಯೇ ಮೊದಲು ತುಂಬುತ್ತದೆ. ವರ್ಷಕ್ಕೆ ಸರಾಸರಿ 5,000 ಕೋಟಿ ಘನ ಮೀಟರ್ ಹರಿಯುವ ನದಿಗೆ ಅದರ ಒಂದೂವರೆ ಪಟ್ಟು ಹಿಡಿಯುವ ಕಟ್ಟೆಯಿರುವಾಗ, ಬರ ಮುಗಿದ ಮೇಲೂ ಕೆಳಗಿನ ಬರ ಮುಂದುವರಿಯಬಹುದು. ಎತ್ತರದ ನಾಡಿನ ಮಳೆಯ ಏರಿಳಿತ ಪೆಸಿಫಿಕ್ ಸಾಗರದ ಎಲ್ ನಿನೊಗೆ ತಳುಕು ಹಾಕಿಕೊಂಡಿದೆ, ನಮ್ಮ ಮುಂಗಾರಿನಂತೆಯೇ. 2015ರಲ್ಲಿ ಇಥಿಯೋಪಿಯಾ ತೀವ್ರ ಬರಕ್ಕೆ ತುತ್ತಾದಾಗ ಕರ್ನಾಟಕದ ಬಹುತೇಕ ತಾಲ್ಲೂಕುಗಳೂ ಬರಪೀಡಿತವಾಗಿದ್ದವು. 1876-78ರ ಮಹಾಕ್ಷಾಮ ಮೈಸೂರು ಸೀಮೆಯನ್ನು ಬರಿದು ಮಾಡಿದ ಕಾಲದಲ್ಲೇ, 1877ರಲ್ಲಿ ನೈಲ್‌ನ ನೆರೆಯೂ ತೀರಾ ತಗ್ಗಿತ್ತು. ಸಾಗರದಾಚೆಯ ಆ ನದಿಯ ಮೇಲಿರುವ ಆಕಾಶಕ್ಕೂ ನಮ್ಮ ಆಕಾಶಕ್ಕೂ ಇರುವ ನಂಟು ಅಷ್ಟು ಹತ್ತಿರದ್ದು.

ಕಾವೇರಿಯ ಅನುಭವವೂ ಇದನ್ನೇ ಹೇಳುತ್ತದೆ. ಮಳೆ ಚೆನ್ನಾಗಿ ಬಂದ ವರ್ಷಗಳಲ್ಲಿ ಮಂಡ್ಯದಲ್ಲಾಗಲಿ ತಂಜಾವೂರಿನಲ್ಲಾಗಲಿ ಯಾರೂ ರಸ್ತೆಗಿಳಿಯುವುದಿಲ್ಲ. 2002, 2012, 2016, 2023 ಎಲ್ಲವೂ ಮಳೆ ಕೈಕೊಟ್ಟ ವರ್ಷಗಳು. ಸಂಕಷ್ಟ ಸೂತ್ರ ಎಲ್ಲಿ ಎಂಬ ಪ್ರಶ್ನೆ ಏಳುವುದು ಆಗ ಮಾತ್ರ, ಮತ್ತು ನೀರು ಬತ್ತಿದ ಮೇಲೆ ಸೂತ್ರ ಹುಡುಕುವುದು ಎಷ್ಟು ಕಷ್ಟವೆಂಬುದನ್ನು ನಾವು ಕಂಡಿದ್ದೇವೆ.

ಈ ನಡುವೆ ವಿವಾದ ನದಿಯನ್ನು ದಾಟಿ ಕೆಂಪು ಸಮುದ್ರದ ದಂಡೆಗೂ ಹಬ್ಬಿದೆ. 1993ರಲ್ಲಿ ಎರಿಟ್ರಿಯಾ ಸ್ವತಂತ್ರವಾದಾಗ ಇಥಿಯೋಪಿಯಾ ತನ್ನ ಕರಾವಳಿಯನ್ನೆಲ್ಲ ಕಳೆದುಕೊಂಡಿತು, ಅದರ ವ್ಯಾಪಾರ ಬಹುಪಾಲು ಜಿಬೂಟಿಯ ಒಂದೇ ಬಂದರಿನ ಹಂಗಿನಲ್ಲಿದೆ. ಬಂದರಿನ ಆಸೆಯಿಂದ 2024ರ ಜನವರಿಯಲ್ಲಿ ಅದು, ಸೊಮಾಲಿಯಾದಿಂದ ಬೇರೆಯಾದೆನೆಂದು ಘೋಷಿಸಿಕೊಂಡಿರುವ ಸೊಮಾಲಿಲ್ಯಾಂಡ್ ಜೊತೆ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದಾಗ, ಅದೇ ವರ್ಷ ಈಜಿಪ್ಟ್ ಸೊಮಾಲಿಯಾದೊಂದಿಗೆ ರಕ್ಷಣಾ ಒಪ್ಪಂದ ಮಾಡಿಕೊಂಡಿತು. ನೀರಿನ ಮೇಲ್ದಂಡೆಯ ದೇಶಕ್ಕೆ ಸಮುದ್ರವಿಲ್ಲ, ಕೆಳದಂಡೆಯ ದೇಶಕ್ಕೆ ಎರಡು ಸಮುದ್ರಗಳೂ ಸುಯೆಜ್ ಕಾಲುವೆಯೂ ಇವೆ. ಒಂದು ಕಡೆ ಸಿಕ್ಕದ ಬಲವನ್ನು ಇನ್ನೊಂದು ಕಡೆ ಹುಡುಕುವ ಈ ಆಟ ಮುಂದುವರಿದಷ್ಟೂ ನೀರಿನ ಮಾತು ಹಿಂದೆ ಸರಿಯುತ್ತದೆ.

ಹಾಗೆ ನೋಡಿದರೆ ಒಪ್ಪಂದ ಒಮ್ಮೆ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. 2015ರ ಮಾರ್ಚ್‌ನಲ್ಲಿ ಖಾರ್ಟೂಮ್‌ನಲ್ಲಿ ಮೂರೂ ದೇಶಗಳ ನಾಯಕರು ತತ್ತ್ವಗಳ ಘೋಷಣೆಗೆ ಸಹಿ ಹಾಕಿದ್ದರು. 2020ರ ಆರಂಭದಲ್ಲಿ ವಾಷಿಂಗ್ಟನ್‌ನಲ್ಲಿ ಸಿದ್ಧವಾದ ಕರಡಿನಲ್ಲಿ ಒಂದು ಅಂಕಿಯೂ ಇತ್ತು: ಅಣೆಕಟ್ಟಿಗೆ ವರ್ಷದ ಒಳಹರಿವು 3,700 ಕೋಟಿ ಘನ ಮೀಟರಿಗಿಂತ, ಅಂದರೆ ಸುಮಾರು 1,300 ಟಿಎಂಸಿಗಿಂತ ಕಡಿಮೆಯಾದರೆ ಅದನ್ನು ಬರದ ವರ್ಷವೆಂದು ಪರಿಗಣಿಸಿ, ಸಂಗ್ರಹದಿಂದ ಹೆಚ್ಚುವರಿ ನೀರು ಬಿಡಬೇಕು. ಈಜಿಪ್ಟ್ ಅದಕ್ಕೆ ಪ್ರಾಥಮಿಕ ಸಹಿ ಹಾಕಿತು, ಇಥಿಯೋಪಿಯಾ ಸಭೆಗೇ ಬರಲಿಲ್ಲ. ಅದರ ಆಕ್ಷೇಪ ಹುರುಳಿಲ್ಲದ್ದಲ್ಲ. ಇಂದು ಆ ಅಂಕಿಗೆ ಒಪ್ಪಿಕೊಂಡರೆ, ನಾಳೆ ಎತ್ತರದ ನಾಡಿನ ತನ್ನದೇ ರೈತರಿಗೆ ಸಣ್ಣಪುಟ್ಟ ಕೆರೆ ಕಟ್ಟೆಗಳಲ್ಲಿ ನೀರು ನಿಲ್ಲಿಸಿಕೊಂಡಾಗ ಒಳಹರಿವು ತಾನಾಗಿ ಇಳಿದು, ಮಳೆ ಚೆನ್ನಾಗಿದ್ದ ವರ್ಷವೂ ‘ಬರ’ವೆನಿಸಿಕೊಂಡು, 1959ರ ಹಂಚಿಕೆಗೆ ಹಿಂಬಾಗಿಲಿನಿಂದ ತಾನೇ ಸಹಿ ಹಾಕಿದಂತಾಗುತ್ತದೆ ಎಂಬುದು ಅದರ ಭಯ. ಇದಕ್ಕೆ ದಾರಿಯಿಲ್ಲದಿಲ್ಲ. ಬರವನ್ನು ಅಣೆಕಟ್ಟಿನ ಒಳಹರಿವಿನಿಂದ ಅಳೆಯದೆ ಎತ್ತರದ ನಾಡಿನಲ್ಲಿ ಬಿದ್ದ ಮಳೆಯಿಂದ ಅಳೆಯಬಹುದು. ಒಪ್ಪಂದಕ್ಕೆ ಹತ್ತು ಹದಿನೈದು ವರ್ಷಗಳ ಅವಧಿ ಕಟ್ಟಿ, ನಂತರ ಮರುಪರಿಶೀಲನೆಗೆ ಬಿಡಬಹುದು. ಅಂಥ ಕೊರತೆಯ ವರ್ಷಗಳಲ್ಲಿ ಹೆಚ್ಚುವರಿ ನೀರು ಬಿಟ್ಟು ವಿದ್ಯುತ್ ಕಳೆದುಕೊಳ್ಳುವ ಇಥಿಯೋಪಿಯಾಕ್ಕೆ ಈಜಿಪ್ಟ್ ಪರಿಹಾರ ಕೊಡಬಹುದು. ಇವಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ. ಎರಡೂ ಕಟ್ಟೆಗಳಲ್ಲಿ ಈಗ ನೀರಿದೆ, ಮುಂದಿನ ಎಲ್ ನಿನೊ ಎಂದು ಬರುತ್ತದೋ ಗೊತ್ತಿಲ್ಲ. ಸಹಿ ಹಾಕುವುದಿದ್ದರೆ ಅದಕ್ಕೆ ಮೊದಲೇ ಹಾಕಬೇಕು.